ಜಗಲಿಯ ಮೇಲೆ ಇಟಲಿಯ ಚೀಸು

ನನಗೊಂದು ಅಭ್ಯಾಸವಿದೆ. ತಿನ್ನುವ ವಸ್ತು ಯಾವುದೇ ಆಗಿರಲಿ, ಬಾಯಿಗೆ ಹಾಕುವ ಮೊದಲು ಒಮ್ಮೆ ಮೂಗಿಗೆ ಹಿಡಿಯಲೇಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೈ ತಾನಾಗಿಯೇ ಒಬ್ಬಟ್ಟನ್ನು ಮೂಗಿನವರೆಗೆ ಎತ್ತಿಬಿಡುತ್ತದೆ. "ಬಡಿಸಿದೋರು ನೋಡ್ತಾವ್ರೆ, ಕೆಳಗಿಳಿಸು" ಎಂದು ನಮ್ಮನೆಯವರು ಪಕ್ಕದಿಂದ ಮೊಣಕೈಯಲ್ಲಿ ತಿವಿಯುತ್ತಾರೆ. ಹಳಸಿದೆಯೋ ಏನೋ ಎಂಬ ಅನುಮಾನದಿಂದ ಮೂಸುವುದಲ್ಲ. ಏಲಕ್ಕಿ ಹಾಕಿದ್ದಾರೋ ಜಾಯಿಕಾಯಿಯೋ, ತುಪ್ಪ ಮನೆಯದೋ ಅಂಗಡಿಯದೋ, ಒಲೆ ಸೌದೆಯದೋ ಗ್ಯಾಸಿನದೋ, ಇಷ್ಟಾದರೂ ತಿಳಿಯದೆ ನುಂಗಲು ನನಗೆ ಆಗುವುದಿಲ್ಲ. ಮದುವೆಯಾಗಿ ಉಡಿಗಾಲ ಎಂಬ ಊರಿಗೆ ಬಂದ ಹೊಸದರಲ್ಲಿ ನಮ್ಮತ್ತೆ ಇದನ್ನು ಅವಮಾನವೆಂದೇ ತಿಳಿದಿದ್ದರು. ಆಮೇಲೆ ಯಾವ ಡಬ್ಬದ ಹಿಟ್ಟು ಮುಗ್ಗಿದೆ ಎಂದು ನೋಡಲು ಅವರೇ ನನ್ನನ್ನು ಕೂಗಿ ಕರೆಯತೊಡಗಿದರು.

ಬ್ರೂನೊನ ಪರಿಚಯ ಆದದ್ದೂ ಈ ಮೂಗಿನಿಂದಲೇ.

ಚಾಮರಾಜನಗರದ ಹೊರವಲಯದಲ್ಲಿ ನಾನು ಕೆಲಸ ಮಾಡುವ ಕಲ್ಲಿನ ಫ್ಯಾಕ್ಟರಿ ಇದೆ. ನಮ್ಮ ಸೀಮೆಯ ಕರಿಕಲ್ಲನ್ನು ಕುಯ್ದು, ಕನ್ನಡಿಯ ಹಾಗೆ ಉಜ್ಜಿ ಹೊರದೇಶಕ್ಕೆ ಕಳಿಸುತ್ತಾರೆ. ಕಳಿಸುವ ಕಾಗದಪತ್ರ ನನ್ನದು. ಹೋದ ಸೆಪ್ಟೆಂಬರಿನಲ್ಲಿ ಹೊಸದೊಂದು ಪಾಲಿಶ್ ಮಷೀನು ಬಂತು, ಅದನ್ನು ಕೂರಿಸಲು ಇಟಲಿಯಿಂದ ಬ್ರೂನೊ ಬಂದ. ಐವತ್ತರ ಆಸುಪಾಸಿನ ಆಸಾಮಿ, ದಪ್ಪ ಕೈಗಳು, ಮಾತು ಕಡಿಮೆ. ಅವನ ಇಂಗ್ಲಿಷು ನಟ್ಟು ಬೋಲ್ಟಿನದು, ನನ್ನದು ಬಿಲ್ಲು ಲಾರಿಯದು. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ಇಂಗ್ಲಿಷು ಆಗುತ್ತಿತ್ತು.

ಅವನು ಬಂದ ಮಾರನೆಯ ದಿನವೇ ಆಫೀಸಿನ ಫ್ರಿಜ್ಜಿನಿಂದ ಒಂದು ನಾತ ಶುರುವಾಯಿತು. ನಾವೆಲ್ಲ ಮೊಸರನ್ನದ ಡಬ್ಬಿ ಇಡುವ ಫ್ರಿಜ್ಜು ಅದು. ಹಿಂದುಗಡೆ ಇಲಿ ಸತ್ತಿದೆ ಎಂದು ಗೋಡೆಯಿಂದ ಎಳೆದು ನೋಡಿದರು, ಇಲಿ ಇರಲಿಲ್ಲ. "ಮಂಗಳಮ್ಮನ್ನ ಕರೀರಿ, ಅವರ ಮೂಗು ಹೇಳ್ತದೆ" ಅಂದರು. ಹೋಗಿ ಬಾಗಿಲು ತೆಗೆದು ಮೂಸಿದೆ. ಸತ್ತ ಇಲಿಯ ವಾಸನೆ ಖಂಡಿತ ಅಲ್ಲ. ಮಳೆಗಾಲದ ದನದ ಕೊಟ್ಟಿಗೆ, ನೆನೆದ ಗೋಣಿಚೀಲ, ತಳದಲ್ಲಿ ಕರಟಿದ ತುಪ್ಪ, ಅದರ ಹಿಂದೆ ಇನ್ನೂ ಏನೋ, ಹೆಸರು ತಿಳಿಯದ್ದು. ಮೂಗು ಹಿಂದಕ್ಕೆ ಸರಿಯುತ್ತಿತ್ತು, ಕುತೂಹಲ ಮುಂದಕ್ಕೆ ತಳ್ಳುತ್ತಿತ್ತು. ಕೆಳಗಿನ ತಟ್ಟೆಯಲ್ಲಿ ಬಟ್ಟೆ ಸುತ್ತಿದ ಮೂರು ಗಂಟುಗಳು ಸಿಕ್ಕವು.

ಅಷ್ಟರಲ್ಲಿ ಬ್ರೂನೊ ಓಡಿ ಬಂದ. ಮುಖ ಕೆಂಪಾಗಿತ್ತು. "ಸಾರಿ ಮ್ಯಾಡಂ, ಸಾರಿ. ಮೈ ಮೌಂಟನ್" ಅಂದ.

ನನ್ನ ಬೆಟ್ಟ! ಕ್ಷಮೆ ಕೇಳುವುದಕ್ಕೆ ಇಂಥ ಕಾರಣವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಊಟದ ಹೊತ್ತಿಗೆ ಎದುರು ಕೂರಿಸಿಕೊಂಡು ಒಂದೊಂದೇ ವಿಷಯ ಹೊರಡಿಸಿದೆ.

ಅವನ ಊರು ಹಿಮ ಬೀಳುವ ಬೆಟ್ಟಗಳ ನಡುವಿನ ಸಣ್ಣ ಹಳ್ಳಿಯಂತೆ. ಬೇಸಿಗೆ ಬಂತೆಂದರೆ ಹಸುಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ಅಲ್ಲೇ ಕಲ್ಲಿನ ಗುಡಿಸಲಲ್ಲಿದ್ದು ಹಾಲು ಕರೆದು ಚೀಸು ಮಾಡುತ್ತಾರೆ. ಸೆಪ್ಟೆಂಬರಿನಲ್ಲಿ ಹಸುಗಳು ಇಳಿದು ಬರುತ್ತವೆ. ಆ ವಾರ ಊರ ನಡುವೆ ಉದ್ದಕ್ಕೆ ಮೇಜು ಹಾಕಿ, ಮನೆಮನೆಯ ಚೀಸು ತಂದು ಹರಡಿ, ಎಲ್ಲರೂ ಕೂತು ಉಣ್ಣುತ್ತಾರೆ. ಯಾರ ಮನೆಯದು ಹೇಗಾಗಿದೆ ಎಂದು ಒಬ್ಬರದನ್ನು ಒಬ್ಬರು ತಿಂದು ಹೇಳಬೇಕು. ಈ ಸಲದ ಊಟ ಬರುವ ಭಾನುವಾರ. ಇವನು ಇಲ್ಲಿ.

"ಹಾಗಾದರೆ ಇದು ನಿಮ್ಮ ಪಾಲು" ಎಂದೆ.

ಎರಡು ಗಂಟು ಅಕ್ಕಪಕ್ಕದ ಮನೆಯವು ಎಂದ. ಮೂರನೆಯದನ್ನು, ಬೀಸುಕಲ್ಲಿನ ಮೇಲಿನ ಹೋಳಿನಷ್ಟಿದ್ದ ದುಂಡನೆಯದನ್ನು, ಮುಟ್ಟಿ "ಮೈ ಮಾಮಾ" ಎಂದ. ಅವನ ತಾಯಿ ಹೋದ ವರ್ಷದ ಬೇಸಿಗೆಯಲ್ಲಿ ಮಾಡಿದ್ದು. ಚಳಿಗಾಲ ಕಳೆಯುವಷ್ಟರಲ್ಲಿ ಆಕೆ ತೀರಿಕೊಂಡರು. ಆಕೆಯ ಕೈಯಿಂದಾದ ಚೀಸಿನಲ್ಲಿ ಉಳಿದದ್ದು ಇದೊಂದೇ. ಅವನ ತಂಗಿ ಕ್ಲಾರಾ ಇದನ್ನು ಕುಯ್ಯಲು ಬಿಡಲಿಲ್ಲ, ನೆಲಮಾಳಿಗೆಯಲ್ಲಿ ಹಾಗೆಯೇ ಇರಲಿ ಅಂದಳು. ತಿನ್ನದೆ ಇಡಲು ಅಮ್ಮ ಮಾಡಿದ್ದಲ್ಲ ಎಂದು ಇವನ ವಾದ. ಮಾತು ಬೆಳೆಯಿತು. ಇವನು ಹೊರಡುವ ದಿನ ಅದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದುಬಿಟ್ಟ. ಆಮೇಲೆ ಅಣ್ಣ ತಂಗಿಗೆ ಮಾತಿಲ್ಲ.

"ಇದನ್ನ ಒಬ್ಬನೇ ತಿನ್ನೋದಿಲ್ಲ. ಜನ ಬೇಕು" ಅಂದ. "ಬೆಟ್ಟವೂ ಇದ್ದರೆ ಒಳ್ಳೆಯದು."

ಬೆಟ್ಟವಿರುವ ಜಾಗ ನನಗೆ ಗೊತ್ತಿತ್ತು, ಭಾನುವಾರ ಅಲ್ಲೇ ಊಟ ಎಂದೆ. ನನ್ನ ತವರು ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿದೆ. ಜಗಲಿಯಲ್ಲಿ ಕೂತರೆ ಎದುರಿಗೆ ಬೆಟ್ಟವೇ. ಹಿಮ ಬೀಳುವುದಿಲ್ಲ, ಆದರೆ ಬೆಳಗಿನ ಹೊತ್ತು ಮಂಜು ಮುಸುಕಿ ಬೆಟ್ಟ ಇಲ್ಲವೇ ಇಲ್ಲ ಎನ್ನುವಂತೆ ಮಾಡುತ್ತದೆ.

ಅವನ ಕತೆ ಕೇಳುವಾಗ ನನಗೆ ನಮ್ಮ ತಾತ ನೆನಪಾಗುತ್ತಿದ್ದ. ಆಗೆಲ್ಲ ನಮ್ಮೂರಿನವರೂ ದನಗಳನ್ನು ಕಾಡಂಚಿನ ದೊಡ್ಡಿಗೆ ಹೊಡೆದುಕೊಂಡು ಹೋಗುತ್ತಿದ್ದರು. ದೊಡ್ಡಿ ಎಂದರೆ ಮುಳ್ಳುಬೇಲಿಯ ಬಯಲು ಕೊಟ್ಟಿಗೆ. ತಾತ ತಿಂಗಳುಗಟ್ಟಲೆ ಅಲ್ಲೇ ಇದ್ದು, ಬರುವಾಗ ಮಡಕೆಯಲ್ಲಿ ತುಪ್ಪ ತರುತ್ತಿದ್ದ. ಆ ತುಪ್ಪದಲ್ಲಿ ಹೊಗೆಯ ವಾಸನೆ ಇರುತ್ತಿತ್ತು. ತಾತನ ಕಂಬಳಿಯಲ್ಲೂ ಅದೇ ವಾಸನೆ, ಗಡ್ಡದಲ್ಲೂ ಅದೇ. ಮೂಸುವ ಚಟ ನನಗೆ ಅಂಟಿದ್ದು ಅಲ್ಲಿಂದಲೇ ಇರಬೇಕು. ಈಗ ಕಾಡಿಗೆ ದನ ಬಿಡುವಂತಿಲ್ಲ. ನಮ್ಮ ಹೊಲದಲ್ಲಿ ಚೆಂಡುಹೂವು, ಪಕ್ಕದವರದರಲ್ಲಿ ಸೂರ್ಯಕಾಂತಿ. ಕೇರಳದ ಕಾರುಗಳು ರಸ್ತೆ ಬದಿಗೆ ನಿಂತು ಹೂವಿನ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತವೆ.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ತಾತನಿಗೂ ಬೆಟ್ಟವಿತ್ತು, ದನವಿತ್ತು, ಮಿಕ್ಕು ಚೆಲ್ಲುವಷ್ಟು ಹಾಲಿತ್ತು. ಅವನು ಯಾಕೆ ಚೀಸು ಮಾಡಲಿಲ್ಲ? ಬ್ರೂನೊನನ್ನು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ಕೈಯಲ್ಲಿ ಬೀಸಣಿಗೆಯಂತೆ ಗಾಳಿ ಹಾಕಿಕೊಂಡು, "ಹಾಟ್" ಎಂದ. ಅಲ್ಲಿ ಹಾಲನ್ನು ಚಳಿ ಕಾಪಾಡುತ್ತದೆ, ಇಲ್ಲಿ ಬೆಂಕಿಯೇ ಕಾಪಾಡಬೇಕು. ಅದಕ್ಕೇ ತಾತ ಬೆಣ್ಣೆ ತೆಗೆದು ಕಾಯಿಸಿದ. ಸರಳ ಉತ್ತರ. ಆದರೂ ಅವತ್ತಿಡೀ ದಿನ ಯಾರೋ ನನಗೆ ಒಂದು ಒಡವೆ ಕೊಟ್ಟಂತೆ ಖುಷಿಯಾಗಿದ್ದೆ.

ಶನಿವಾರ ಸಂಜೆಯೇ ಮೂರೂ ಗಂಟುಗಳನ್ನು ನಮ್ಮನೆಯವರ ಕೈಯಲ್ಲಿ ತವರಿಗೆ ಕಳಿಸಿದೆ. ಅವ್ವನಿಗೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದೆ. ಹೇಳಿದ್ದೆ ಎಂದು ನಾನು ಅಂದುಕೊಂಡಿದ್ದೆ. ಭಾನುವಾರ ಮಧ್ಯಾಹ್ನ ಬ್ರೂನೊನನ್ನು ಕರೆದುಕೊಂಡು ತೆರಕಣಾಂಬಿಯ ಮೇಲೆ ಹಾದು ಊರು ಮುಟ್ಟಿದಾಗ ಅಂಗಳದ ನಡುವೆ ಮೊರವೊಂದನ್ನು ಬಿಸಿಲಿಗೆ ಇಟ್ಟಿದ್ದರು. ಮೊರದಲ್ಲಿ ಬ್ರೂನೊನ ತಾಯಿಯ ಚೀಸು, ಆಗಷ್ಟೇ ಎಣ್ಣೆನೀರು ಹಾಕಿಸಿಕೊಂಡ ಬಾಣಂತಿ ಮಗುವಿನ ಹಾಗೆ ಹೊಳೆಯುತ್ತಿತ್ತು.

"ಬೂಷ್ಟು ಇಡಿದಿತ್ತು ಕಣಮ್ಮಿ" ಎಂದಳು ಅವ್ವ, ಹೆಮ್ಮೆಯಿಂದ. "ಮೇಲೆಲ್ಲಾ ಬೂದಿ ಬೂದಿ. ಪಾಪ, ದೂರದಿಂದ ತಂದವ್ನೆ, ಎಸೆಯಕ್ಕೆ ಮನಸ್ಸು ಬರ್ನಿಲ್ಲ. ಉಪ್ಪುನೀರಲ್ಲಿ ತೆಂಗಿನ ನಾರಾಕಿ ಉಜ್ಜುಬುಟ್ಟೆ."

ನಾನು ಅದನ್ನು ಹೇಗೋ ಇಂಗ್ಲಿಷಿನಲ್ಲಿ ಬ್ರೂನೊಗೆ ಹೇಳಿದೆ. ಬ್ರೂನೊ ಮೊರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಚೀಸನ್ನು ಎತ್ತಿದ, ತಿರುಗಿಸಿದ, ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಆಮೇಲೆ ಅವ್ವನನ್ನು ನೋಡಿ ಜೋರಾಗಿ ನಕ್ಕ. ಅವನ ತಾಯಿಯೂ ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು ಒಂದೊಂದನ್ನೂ ಉಪ್ಪುನೀರು ಹಚ್ಚಿ ಬ್ರಷ್ಷಿನಿಂದ ಉಜ್ಜುತ್ತಿದ್ದರಂತೆ. ಬಿಸಿಲಿಗೆ ಮಾತ್ರ ಇಡುತ್ತಿರಲಿಲ್ಲ ಎಂದು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ಹೋಗಿ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕದ ತಂಪು ಮೂಲೆಯಲ್ಲಿಟ್ಟ.

"ನಗ್ತಾವ್ನಲ್ಲ, ನಾನು ಯಾನ ತಪ್ಪು ಮಾಡ್ದೆ?" ಎಂದಳು ಅವ್ವ.

"ಏನೂ ಇಲ್ಲ ಕಣವ್ವ. ಅವರವ್ವನೂ ಹಿಂಗೇ ಉಜ್ತಿದ್ರಂತೆ."

"ಮತ್ತೆ? ಬೂಷ್ಟು ಇಡಿದ್ರೆ ಯಾವ್ ದೇಸ್ದಲ್ಲಾದ್ರೂ ಉಜ್ಜದೆ ಬುಟ್ಟಾರಾ?"

ಸಂಜೆ ಜಗಲಿಯ ಮೇಲೆ ಚಾಪೆ ಹಾಸಿದೆವು. ಬೀದಿಯ ಜನ ಒಬ್ಬೊಬ್ಬರಾಗಿ ಬಂದರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಒಬ್ಬರು ಹುಚ್ಚೆಳ್ಳು ಚಟ್ನಿ ತಂದರು, ಇನ್ನೊಬ್ಬರು ಬೇಯಿಸಿದ ಮುಸುಕಿನ ಜೋಳ, ಮತ್ತೊಬ್ಬರು ಬಾಳೆಯೆಲೆ. ನಮ್ಮ ಚಿಕ್ಕಪ್ಪ ಮಾದಪ್ಪ ಗುಂಡ್ಲುಪೇಟೆಯ ಬೇಕರಿಯಿಂದ ದೊಡ್ಡ ಬ್ರೆಡ್ಡು ಕಟ್ಟಿಸಿಕೊಂಡು ಬಂದಿದ್ದ. ಚಿಕ್ಕಪ್ಪ ಲಾರಿ ಓಡಿಸಿದವನು. ಗುಂಡ್ಲುಪೇಟೆಯಿಂದ ಬತ್ತೇರಿ, ಅಲ್ಲಿಂದ ಘಾಟಿ ಇಳಿದು ಕೋಯಿಕ್ಕೋಡು, ವಯಸ್ಸೆಲ್ಲ ಆ ದಾರಿಯಲ್ಲೇ ಕಳೆಯಿತು. ದಾರಿಯುದ್ದದ ಹೋಟೆಲುಗಳಲ್ಲಿ ಏನೇನು ತಿಂದ ಎಂದು ಅವನೂ ಹೇಳುವುದಿಲ್ಲ, ಅವ್ವನೂ ಕೇಳುವುದಿಲ್ಲ. ಬ್ರೂನೊ ಎಂಬ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. "ಬಾ ಬೋರಣ್ಣ, ಕೂತ್ಕೊ" ಎಂದು ಬಂದ ಕೂಡಲೇ ಹೊಸ ಹೆಸರಿಟ್ಟುಬಿಟ್ಟ.

ಬ್ರೂನೊ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವ್ವ ಮುದ್ದೆ ಕೋಲಿನಿಂದ ರಾಗಿ ಹಿಟ್ಟನ್ನು ತಿರುವುತ್ತಿದ್ದಳು. ಅವನು ಬೆರಗಿನಿಂದ ನೋಡುತ್ತ ನಿಂತವನು, ನಮ್ಮಲ್ಲೂ ಇದೇ, ಆದರೆ ಮುಸುಕಿನ ಜೋಳದ ಹಿಟ್ಟು, ಬಣ್ಣ ಹಳದಿ ಎಂದ. ಕೋಲು ತನಗೆ ಕೊಡಿ ಎಂದು ಕೈ ಚಾಚಿದ. ಕಲ್ಲಿನ ಮಷೀನು ಕೂರಿಸುವ ಆ ಕೈಗಳು ಮುದ್ದೆ ತಿರುವುವುದನ್ನು ನೋಡಿ ಹೆಂಗಸರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು.

ಎಲೆ ಹಾಕಿ ಕೂತದ್ದಾಯಿತು. ಮುದ್ದೆ, ಹುರುಳಿಕಾಳಿನ ಬಸ್ಸಾರು, ನಡುವೆ ಹಲಗೆಯ ಮೇಲೆ ಮೂರು ಚೀಸು. ಮೆತ್ತಗಿದ್ದ ಒಂದರದ್ದೇ ಆಫೀಸಿನ ಫ್ರಿಜ್ಜು ಕೆಡಿಸಿದ ಪರಾಕ್ರಮ. ಇನ್ನೊಂದು ಬೂದುಬಣ್ಣದ್ದು, ಮುಟ್ಟಿದರೆ ಪುಡಿಯಾಗುವಂಥದ್ದು. ಮೂರನೆಯದು ತಾಯಿಯದು. "ಒಳಗೆ ಇಲಿ ಕೊರ್ದಂಗೆ ತೂತಿರ್ತದಂತೆ, ಟೀವೀಲಿ ನೋಡಿವ್ನಿ" ಎಂದರು ಯಾರೋ. "ತೂತಿನ ದುಡ್ಡೂ ಇಸ್ಕತಾರಾ?" ಎಂದರು ಇನ್ಯಾರೋ. ಎಲ್ಲರೂ ಕತ್ತು ಚಾಚಿದ್ದರು. ಬ್ರೂನೊ ಚಾಕು ಎತ್ತಿಕೊಂಡ.

ಆಗ ಅವ್ವ ಕೇಳಿದಳು. "ಮಗಾ, ನಿಮ್ಮವ್ವ ಇದಕ್ಕೆ ಎಪ್ಪು ಯಾನ ಆಕ್ತಿದ್ಲು?"

ಹಾಲು ಮೊಸರಾಗಲು ಹೆಪ್ಪು ಬೇಕು, ಚೀಸಿಗೂ ಒಂದು ಹೆಪ್ಪು ಇರಲೇಬೇಕು. ಮನೆಯಲ್ಲಿ ದಿನಾ ಹೆಪ್ಪು ಹಾಕುವವಳ ಸಹಜ ಪ್ರಶ್ನೆ. ನಾನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಬೂದುಬಣ್ಣದ್ದಕ್ಕೆ ಏನೂ ಹಾಕುವುದಿಲ್ಲ, ಹಾಲನ್ನು ಹಾಗೇ ಹುಳಿಯಲು ಬಿಡುತ್ತಾರೆ ಎಂದ. ಮೆತ್ತಗಿನದಕ್ಕೆ ಕರುವಿನ ಹೊಟ್ಟೆಯೊಳಗಿಂದ ತೆಗೆದ ಹೆಪ್ಪು ಎಂದು ಮುಚ್ಚುಮರೆ ಇಲ್ಲದೆ ಹೇಳಿದ. ತಾಯಿಯದರ ಮೇಲೆ ಕೈಯಿಟ್ಟು, ಇದರದ್ದು ತನಗೆ ಗೊತ್ತಿಲ್ಲ ಎಂದ. ಅವನು ಹದಿನಾರಕ್ಕೇ ಊರು ಬಿಟ್ಟು ಮಷೀನು ಕೆಲಸಕ್ಕೆ ಹೋದವನು. ತಾಯಿ ಒಂದೊಂದು ವರ್ಷ ಒಂದೊಂದು ರೀತಿ ಮಾಡುತ್ತಿದ್ದರು. ಇದಕ್ಕೆ ಏನು ಹಾಕಿದ್ದರು ಅನ್ನುವುದು ಜೊತೆಗಿದ್ದ ಕ್ಲಾರಾಗೆ ಮಾತ್ರ ಗೊತ್ತು.

ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದಾಗ ಚಾಚಿದ್ದ ಕತ್ತುಗಳು ಹಿಂದಕ್ಕೆ ಸರಿದವು. ನಮ್ಮದು ಲಿಂಗ ಕಟ್ಟುವ ಮನೆ. ಕರುವಿನ ಮಾತು ಅಲ್ಲಿ ಕೂತ ಯಾರಿಗೂ ಸುಲಭದ್ದಲ್ಲ.

"ತಂಗೀನ ಕೇಳು ಅನ್ನು" ಎಂದಳು ಅವ್ವ.

"ಅವರಿಬ್ರಿಗೂ ಮಾತಿಲ್ಲ ಕಣವ್ವ."

"ಮಾತಿಲ್ದೆ ಇದ್ರೆ ಯಾನಾಯ್ತು? ನಾನು ಕೇಳ್ದೆ ಅಂತ ಕೇಳ್ಲಿ. ನಾನೂ ತಿಳ್ಕಬೇಕು."

ಬ್ರೂನೊ ಫೋನು ಕೈಗೆತ್ತಿಕೊಂಡ. ನಮ್ಮ ಜಗಲಿಯಲ್ಲಿ ಸಿಗ್ನಲ್ಲು ಬರುವುದು ತೆಂಕಣ ಕಂಬದ ಹತ್ತಿರ ಮಾತ್ರ. ಅಲ್ಲಿಗೆ ಹೋಗಿ ನಿಂತು ವಿಡಿಯೊ ಕಾಲ್ ಮಾಡಿದ. ಉದ್ದಕ್ಕೆ ರಿಂಗಾಯಿತು. ಎತ್ತುವುದಿಲ್ಲ ಎಂದು ನನ್ನ ಕಡೆ ತಲೆಯಾಡಿಸುವಷ್ಟರಲ್ಲಿ ಎತ್ತಿದಳು. ತಲೆಗೆ ಬಟ್ಟೆ ಕಟ್ಟಿದ ದುಂಡು ಮುಖದ ಹೆಂಗಸು. ಹಿಂದೆ ಇನ್ನೂ ಹಗಲು, ಉದ್ದನೆಯ ಮೇಜು, ಓಡಾಡುವ ಜನ. ಅಲ್ಲೂ ಅದೇ ಊಟದ ತಯಾರಿ. ಅಣ್ಣನಿಗೇನೋ ಆಗಿದೆ ಎಂದು ಹೆದರಿ ಎತ್ತಿದ್ದಳಂತೆ. ಅವನು ಮೆಲ್ಲಗೆ ಮಾತಾಡಿದ. ನಮಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲರೂ ಕಿವಿಯಾಗಿದ್ದೆವು. ಅವಳಿಂದ ಮೊದಲು ಸಿಡುಕಿನ ಒಂದೆರಡು ಮಾತು. ಆಮೇಲೆ, ಏನು ಮಾಡಿಯಾಳು, ಗೊತ್ತಿರುವ ವಿಷಯವನ್ನು ಯಾರಾದರೂ ಕೇಳಿದರೆ ಹೇಳದೆ ಇರಲು ಆಗುವುದಿಲ್ಲವಲ್ಲ, ಉದ್ದಕ್ಕೆ ಹೇಳತೊಡಗಿದಳು, ಹಂಡೆ ತಿರುವುವಂತೆ ಕೈ ಆಡಿಸುತ್ತ, ಮೂಸಿ ತೋರಿಸುತ್ತ.

ಮೂಸಿದ್ದನ್ನು ನೋಡಿ ನನಗೆ ಅವಳು ಆ ಕ್ಷಣದಲ್ಲೇ ನೆಂಟಳಾಗಿಬಿಟ್ಟಳು.

ಉತ್ತರ: ಕರುವಿನದೇ. ಆ ವರ್ಷ ತಾಯಿ ಹಳೆಯ ರೀತಿಯಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದರಂತೆ. ಬ್ರೂನೊ ನನಗೆ ಹೇಳಿದ, ನಾನು ಅವ್ವನಿಗೆ ಹೇಳಿದೆ. ಅವ್ವ ತನ್ನ ಎಲೆಯನ್ನು ಹಲಗೆಯಿಂದ ಕೊಂಚ ದೂರ ಸರಿಸಿಕೊಂಡಳು.

"ಅಂಗಾರೆ ನಂಗೆ ಬ್ಯಾಡ ಮಗಾ, ಬೇಜಾರ್ ಮಾಡ್ಕಬ್ಯಾಡ. ಆ ಬೂದಿ ಬಣ್ಣದ್ದು ಕೊಡು, ಅದು ಉಳಿ ಆಲಿಂದು ತಾನೆ? ಇದ್ನ ತಿನ್ನೋರು ತಿನ್ಲಿ. ನಿಮ್ಮವ್ವ ಮಾಡಿರೋದು, ಕೆಡಬಾರ್ದು."

ಕ್ಲಾರಾ ಆ ಮಾತಿನ ಅರ್ಥ ಕೇಳಿದಳು. ಬ್ರೂನೊ ಹೇಳಿದ. ಅವಳು ಚೀಸನ್ನು ತೋರಿಸು ಎಂದಳು. ಅವನು ಫೋನನ್ನು ಕಂಬಕ್ಕೆ ಒರಗಿಸಿ, ಹಲಗೆಯನ್ನು ಅದರ ಮುಂದಕ್ಕೆ ತಂದ. ಅವಳು ನೋಡುತ್ತಲೇ ಇದ್ದಳು. ಹಿಂದೆ ಓಡಾಡುತ್ತಿದ್ದ ಜನ ಒಬ್ಬೊಬ್ಬರೇ ಅವಳ ಹೆಗಲ ಮೇಲಿಂದ ಇಣುಕಿದರು. ಕೊನೆಗೆ ಗಲ್ಲವನ್ನು ಕೊಂಚ ಮೇಲೆತ್ತಿ ಒಂದು ಮಾತು ಹೇಳಿದಳು. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಬ್ರೂನೊ ಚೀಸಿನೊಳಕ್ಕೆ ಚಾಕು ಇಳಿಸಿದ.

ಒಳಗೆ ಬಿಸಿಲಿನ ಬಣ್ಣ. ತೂತು ಇರಲಿಲ್ಲ, ಕೆಲವರಿಗೆ ನಿರಾಸೆಯಾಯಿತು. ಅವನು ತೆಳ್ಳಗೆ ಹೆರೆದು ಬೇಕೆಂದವರ ಬಿಸಿ ಮುದ್ದೆಯ ಮೇಲೆ ಇಟ್ಟ. ಅರ್ಧ ಜನ ಬೇಡವೆಂದು ಕೈ ಅಡ್ಡ ಹಿಡಿದರು, ಅವರಿಗೆ ಹುಳಿ ಹಾಲಿನದು ಹೋಯಿತು. ನಾನು? ಮೂಸಿದೆ. ಅಷ್ಟು ದೂರ ಹೋದ ಮೂಗನ್ನು ಹಿಂದಕ್ಕೆ ಕರೆಯಲು ಆಗಲಿಲ್ಲ, ಒಂದು ಚೂರು ತಿಂದೆ. ಅವ್ವ ನೋಡಿ, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಒಣಹುಲ್ಲು, ಹಾಲು, ಕೊನೆಯಲ್ಲಿ ಯಾವುದೋ ಕಾಡುಹೂವು. ಅವ್ವ ತನ್ನ ಬೂದಿ ಬಣ್ಣದ್ದನ್ನು ಹುಚ್ಚೆಳ್ಳು ಚಟ್ನಿಗೆ ಅದ್ದಿ ಚಪ್ಪರಿಸಿ, "ವಾರ ಇಟ್ಟ ಮೊಸರನ್ನ ಇಂಡಿ ಒಣಗಿಸ್ದಂಗದೆ, ಪರ್ವಾಗಿಲ್ಲ" ಎಂದಳು.

ಕ್ಲಾರಾ ಇನ್ನೂ ಫೋನಿನಲ್ಲಿದ್ದಳು. ಹೇಗಿದೆ ಎಂದು ಕೇಳಿದಳು. ಬ್ರೂನೊ ನಮ್ಮೆಲ್ಲರನ್ನೂ ನೋಡಿದ. "ಸೂಪರ್" ಎಂದರು ಒಬ್ಬರು. "ಚೆನ್ನಾಗದೆ ಅನ್ನಿ" ಎಂದರು ಇನ್ನೊಬ್ಬರು. ನಮ್ಮನೆಯವರು ಹೆಬ್ಬೆರಳು ಎತ್ತಿ ತೋರಿಸಿದರು. ಬ್ರೂನೊ ಎಲ್ಲವನ್ನೂ ಹೇಳುತ್ತ ಹೋದ. ಅವಳು ಥ್ಯಾಂಕ್ಸ್ ಎನ್ನುವಂತೆ ತಲೆಯಾಡಿಸಿದಳು, ಆದರೆ ಮುಖ ಅರಳಲಿಲ್ಲ. ಯಾವುದೋ ದೊಡ್ಡವರ ಮನೆಗೆ ಬಂದ ನೆಂಟರು ಹೇಳುವ ಮಾತಿನಂತೆ ಅವು ಅವಳ ಮುಂದೆ ಬಿದ್ದುಹೋದವು.

ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ಮುಗಿಸಿ ಗಂಟಲು ಸರಿಮಾಡಿಕೊಂಡ.

"ಉಪ್ಪು ಜಾಸ್ತಿ ಆಗದೆ."

"ಚಿಕ್ಕಪ್ಪ!" ಎಂದು ಗದರಿದೆ. ಸತ್ತ ತಾಯಿಯ ಕೈಯಡುಗೆ, ಸಮುದ್ರ ದಾಟಿ ಬಂದದ್ದು, ಮಗಳು ಎದುರಿಗೇ ಇದ್ದಾಳೆ.

"ಯಾಕಮ್ಮಿ? ಕೇಳ್ತಾವ್ಳಲ್ಲ, ಏಳ್ದೆ. ಕೈ ವಸಿ ಜೋರು ಆ ತಾಯಿದು. ಅಂಗೇ ಏಳು."

ಬ್ರೂನೊ ನನ್ನನ್ನೇ ನೋಡುತ್ತಿದ್ದ. "ವಾಟ್ ಹಿ ಸೇ?" ನಾನು ಏನೂ ಇಲ್ಲ ಎಂದೆ. ಅವನು ಬಿಡಲಿಲ್ಲ. ಕೊನೆಗೆ, "ಟೂ ಮಚ್ ಸಾಲ್ಟ್" ಎಂದೆ, ನನ್ನ ಎಲೆಯ ಕಡೆ ನೋಡುತ್ತ.

ಅವನು ಫೋನಿನ ಕಡೆ ತಿರುಗಿ, ಚಿಕ್ಕಪ್ಪನತ್ತ ಕೈ ತೋರಿಸಿ, ಅದನ್ನೇ ತನ್ನ ಭಾಷೆಯಲ್ಲಿ ಹೇಳಿದ.

ಕ್ಲಾರಾ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಅತ್ತಳೆಂದುಕೊಂಡೆ. ಭುಜಗಳು ಕುಲುಕುತ್ತಿದ್ದವು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಹಿಂದೆ ತಿರುಗಿ ಮೇಜಿನವರಿಗೆಲ್ಲ ಕೂಗಿ ಹೇಳಿದಳು. ಅಲ್ಲಿ ಗೊಳ್ಳೆಂದು ನಗೆ ಎದ್ದಿತು. ಮುದುಕನೊಬ್ಬ ಫೋನಿಗೆ ಮುಖ ತಂದು, ಚಿಕ್ಕಪ್ಪನನ್ನು ಹುಡುಕಿ, ನೋಡಿದಿರಾ ನಾನು ಹೇಳಿದ್ದು ಎನ್ನುವಂತೆ ಬೆರಳಾಡಿಸಿದ. ಪ್ರತಿ ವರ್ಷ ಆ ಮೇಜಿನಲ್ಲಿ ಯಾರಾದರೊಬ್ಬರು ಇದೇ ಮಾತು ಎತ್ತುತ್ತಿದ್ದರಂತೆ. ತಾಯಿ ಒಂದು ಸಲವೂ ಒಪ್ಪಿದವರಲ್ಲ. ಉಪ್ಪು ಸರಿಯಾಗಿದೆ, ನಿಮ್ಮ ನಾಲಿಗೆಯೇ ಸಪ್ಪೆ ಎಂದು ಜಗಳಕ್ಕೇ ನಿಲ್ಲುತ್ತಿದ್ದರಂತೆ. ಆಕೆ ಹೋದ ಮೇಲೆ ಮಾತ್ರ ಊರಿನವರೆಲ್ಲ ಆಕೆಯ ಚೀಸನ್ನು ಹೊಗಳತೊಡಗಿದರು. ಕ್ಲಾರಾಗೆ ಅದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ.

ಈಗ ಅಣ್ಣ ತಂಗಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಯಾರ ಮಾತು ಯಾರದೆಂದು ತಿಳಿಯುವಂತಿರಲಿಲ್ಲ. ಅವ್ವ "ಯಾನಂತೆ, ಯಾನಂತೆ?" ಎಂದು ನನ್ನ ಸೆರಗು ಜಗ್ಗುತ್ತಿದ್ದಳು. ನಾನು ಹೇಳಿದೆ. ಅವ್ವ ಫೋನಿನ ಮುಂದಕ್ಕೆ ಸರಿದು ಕ್ಲಾರಾಗೆ ಸಮಾಧಾನ ಹೇಳುವ ದನಿಯಲ್ಲಿ, "ನಮ್ ಮಾದಪ್ಪನ ಮಾತಿಗೆ ಬೇಜಾರ್ ಮಾಡ್ಕಬ್ಯಾಡ ಕಣಮ್ಮಿ. ಅವನಿಗೆ ಯಾವುದೂ ಇಡಿಸಾಕಿಲ್ಲ. ಮಾದಪ್ಪ, ಬ್ಯಾಡದಿದ್ರೆ ಬುಟ್ಬುಡು, ಬೋರಣ್ಣಂಗೆ ವಾಪಸ್ ಕೊಡು" ಎಂದಳು.

ಚಿಕ್ಕಪ್ಪ ಎಲೆಯನ್ನು ಎರಡು ಕೈಯಿಂದಲೂ ತನ್ನ ಕಡೆಗೆ ಎಳೆದುಕೊಂಡ.

"ಉಪ್ಪು ಜಾಸ್ತಿ ಅಂದೆ. ಬ್ಯಾಡ ಅಂದ್ನಾ? ಬೋರಣ್ಣ, ಇತ್ತಗೆ ಇನ್ನೊಂದು ವಸಿ ಆಕು."